ಸಂತೆಯ ಕೊಸರು



ಪ್ರವಾಸವೆಂಬ ವಿಷಯವನ್ನೇ ಈ ವರ್ಷದ ಮಾಲೆಗೆ ಆರಿಸಿಕೊಂಡಿರುವ ಸಂಘದವರು ಹಿಂದಿನ ಉಪನ್ಯಾಸಗಳಲ್ಲಿ ತಮ್ಮನ್ನು ಕಾಶಿಗೂ ಹಿಮಾಲಯಕ್ಕೂ ಕರೆದೊಯ್ದಿರುವರು. ನಾನಾದರೋ ಕಾಲಿನ ಶಕ್ತಿಗೂ ಕಿಸೆಯ ಶಕ್ತಿಗೂ ತಕ್ಕಂತೆ ತಮ್ಮನ್ನು ಅಳದಂಗಡಿಯಿಂದ ಬೆಳ್ತಂಗಡಿಯ ಸೋಮವಾರದ ಸಂತೆಗೆ ಕರೆದುಕೊಂಡು ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ ಮರಳಿ ಮನೆಗೆ ಮುಟ್ಟಿಸುವವನು. ಇಷ್ಟು ಸಮೀಪದ ಯಾತ್ರೆಗೆ ಮಾರ್ಗದರ್ಶಕನೇಕೆ ಎಂದು ತಾವು ಕೇಳಬಹುದು. ನನಗೂ ಕಳೆದ ಬಿಸುವಿನವರೆಗೆ ಅದೇ ಅಭಿಪ್ರಾಯವಿದ್ದಿತು.

ನನ್ನ ಸೋದರಳಿಯನೊಬ್ಬ ಉದ್ಯೋಗನಿಮಿತ್ತ ಬ್ಯಾಂಕಾಕ್ ನಗರದಲ್ಲಿ ಸಂಸಾರಸಮೇತನಾಗಿ ನೆಲಸಿರುವನು. ಎಪ್ರಿಲ್ ನಡುವಿನಲ್ಲಿ ಥೈಲೆಂಡಿನವರಿಗೆ ಹೊಸ ವರ್ಷದ ರಜೆ. ಅದಕ್ಕೆ ಅವರು ಸೊಂಗ್‌ಕ್ರಾನ್ ಎನ್ನುವರು, ನಮ್ಮ ಸಂಕ್ರಾಂತಿಯೆಂಬ ಶಬ್ದವೇ ಕಡಲು ದಾಟಿ ಹೋಗಿ ಆ ರೂಪವನ್ನು ತಾಳಿದುದು. ಸೂರ್ಯನು ಮೇಷರಾಶಿಯನ್ನು ಪ್ರವೇಶಿಸುವ ಆ ಪರ್ವವೇ ನಮ್ಮ ಬಿಸುವೂ ಆಗಿರುವುದರಿಂದ, ಅಳಿಯನು ಅಲ್ಲಿಯ ರಜೆಯಲ್ಲಿ ಇಲ್ಲಿಯ ಹಬ್ಬಕ್ಕೆ ಬಂದಿಳಿದನು. ಬಂದ ಸಂಜೆಯೇ ಚಾವಡಿಯಲ್ಲಿ ಕುಳಿತು, ತಾವು ಒಂದು ದಿನದ ಮಟ್ಟಿಗೆ ಮಾರ್ಗದರ್ಶಕನೊಡನೆ ಅಲ್ಲಿಯ ಹಳೆಯ ಪೇಟೆಗಳನ್ನು ನೋಡಿ ಬಂದ ಕಥೆಯನ್ನು ಚಿತ್ರಸಮೇತ ವಿಸ್ತರಿಸಿದನು.

ಆ ಚಿತ್ರಗಳನ್ನು ಕಂಡು ನಾನು ನಿಜವಾಗಿಯೂ ಬೆರಗಾದೆನೆಂದು ಒಪ್ಪಿಕೊಳ್ಳಬೇಕು. ಮೇಕ್ಲಾಂಗ್ ಎಂಬಲ್ಲಿ ರೈಲು ಹಳಿಯ ಮೇಲೆಯೇ ಸಂತೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾಕಿದ ಹಳಿಯ ಇಕ್ಕೆಲಗಳಲ್ಲಿ ಮೀನು, ಸೊಪ್ಪು, ಹಣ್ಣುಗಳ ಬುಟ್ಟಿಗಳು ಕಂಬಿಗೆ ತಾಗುವಂತೆ ಕುಳಿತಿರುವುವು. ಗಾಡಿಯ ಸೀಟಿ ಕೇಳಿದೊಡನೆ ವ್ಯಾಪಾರಿಗಳು ತಲೆಯ ಮೇಲಿನ ನೆರಳುಬಟ್ಟೆಗಳನ್ನು ಮಡಚಿ, ಬುಟ್ಟಿಗಳನ್ನು ಗೇಣುದ್ದ ಹಿಂದಕ್ಕೆ ಸರಿಸಿ, ಗಾಡಿ ಮೈಯುಜ್ಜಿಕೊಂಡು ಹೋದ ಮರುಕ್ಷಣವೇ ಎಲ್ಲವನ್ನೂ ಮುನ್ನಿನಂತೆ ಹರಡಿಕೊಳ್ಳುವರು. ಕೊಡೆ ಮಡಚುವ ಸಂತೆ ಎಂಬ ಅರ್ಥದ ಹೆಸರೇ ಅದಕ್ಕುಂಟಂತೆ. ಇನ್ನೊಂದು ದಾಮ್ನೋನ್ ಸದುವಾಕ್. ಮೋಂಗ್‌ಕುತ್ ದೊರೆಯ ಆಜ್ಞೆಯಂತೆ 1866ರಿಂದ 1868ರವರೆಗೆ ತೋಡಿದ, ಎರಡು ನದಿಗಳನ್ನು ಕೂಡಿಸುವ 32 ಕಿಲೋಮೀಟರ್ ಉದ್ದದ ಕಾಲುವೆ. ಅದರಲ್ಲಿ ದೋಣಿಯೇ ಅಂಗಡಿ, ಹುಟ್ಟು ಹಾಕುವ ಹೆಂಗಸೇ ಅಂಗಡಿಯ ಯಜಮಾನಿ. ಆದರೆ ಅಳಿಯನು ತನ್ನಷ್ಟಕ್ಕೆ ಆಡಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿತು. “ಮಾವ, ಕೊಳ್ಳುವವರಿಗಿಂತ ಫೋಟೋ ತೆಗೆಯುವವರೇ ಹೆಚ್ಚು, ನಾವೂ ಏನೂ ಕೊಳ್ಳಲಿಲ್ಲ” ಎಂದನು. ಹತ್ತು ವರ್ಷದ ಅವನ ಮಗಳು ಅಷ್ಟಕ್ಕೇ ಬಿಡದೆ, “ಅಜ್ಜಾ, ನಿಮ್ಮಲ್ಲಿ ಇಂಥದು ಇಲ್ಲವಾ?” ಎಂದು ಕೇಳಿದಳು.

ಇದೆ ಎಂದುಬಿಟ್ಟೆ. ಊರಿನ ಮಾನ ಉಳಿಸಲು ಆಡಿದ ಮಾತು. ಸೋಮವಾರ ಬೆಳಿಗ್ಗೆ ಅದನ್ನು ನಡೆಯಿಸಿಕೊಡಬೇಕಾಯಿತು.

ಬಸ್ಸಿನಲ್ಲಿ ಹುಡುಗಿ ಹಲಗೆಗಳನ್ನು ಓದುತ್ತ ಓದುತ್ತ, ಇಲ್ಲಿಯ ಊರುಗಳೆಲ್ಲ ಅಂಗಡಿಗಳೇ ಏಕೆ ಎಂದು ಕೇಳಿದಳು. ಪ್ರಶ್ನೆ ಸಣ್ಣದಲ್ಲ. 1604ರಲ್ಲಿ ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲರ ವಂಶದ ಅರಮನೆ ನಮ್ಮೂರಿನಲ್ಲಿದ್ದರೂ ಊರಿನ ಹೆಸರಿನ ಕೊನೆಯಲ್ಲಿ ಕುಳಿತಿರುವುದು ಅರಮನೆಯಲ್ಲ, ಅಂಗಡಿ. ಬೆಳ್ತಂಗಡಿ, ಹೊಸಂಗಡಿ, ನೇತ್ರಾವತಿ ಕುಮಾರಧಾರೆಗಳು ಕೂಡುವಲ್ಲಿ ಉಪ್ಪನ್ನೇ ಹೆಸರಿನಲ್ಲಿ ಹೊತ್ತ ಉಪ್ಪಿನಂಗಡಿ, ಬಡಗಣ ಕುಂದಾಪುರದ ಸೀಮೆಯಲ್ಲಿ ಆಳುಪರ ಕಾಲದ ಹಟ್ಟಿಯಂಗಡಿ. ಘಟ್ಟ ಹತ್ತಿದರೆ ಮೂಡಿಗೆರೆ ತಾಲೂಕಿನಲ್ಲಿ ಹಿಂದುಮುಂದಿಲ್ಲದೆ ಬರಿಯ ಅಂಗಡಿಯೆಂದೇ ಹೆಸರಾದ ಗ್ರಾಮವಿದೆ, ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಅದೇ. ಮೇಲಿನ ದವಸ, ಬೆಲ್ಲ, ಮೆಣಸುಗಳು ಚಾರ್ಮಾಡಿಯಲ್ಲಿಳಿದು, ಕೆಳಗಿನ ಉಪ್ಪು, ಒಣಮೀನುಗಳು ನೇತ್ರಾವತಿಯಲ್ಲಿ ಬಂಟ್ವಾಳ, ಪಾಣೆಮಂಗಳೂರುಗಳವರೆಗೆ ದೋಣಿಯಲ್ಲೇರಿ ಬಂದು, ಎತ್ತುಗಳು ದಣಿದು ನಿಂತ ಕಡೆಗಳಲ್ಲಿ ಊರುಗಳು ಹುಟ್ಟಿದುವೆಂಬುದು ನನ್ನ ಊಹೆ. ನಮಗೂ ದೋಣಿಯ ಸಂತೆ ಇದ್ದಿತೆಂದು ಹುಡುಗಿಗೆ ಹೇಳಿದೆನು. ನೆರೆಯ ನೀರನ್ನು ಬಲ್ಲ ಬಂಟ್ವಾಳದವರು ನನ್ನನ್ನು ಕ್ಷಮಿಸಲಿ, 1923ರ ಮತ್ತು 1974ರ ಪ್ರವಾಹಗಳಲ್ಲಿ ಅಲ್ಲಿಯ ಪೇಟೆಯ ಬೀದಿಯಲ್ಲಿಯೇ ದೋಣಿ ಆಡಬಹುದಾಗಿದ್ದಿತು.

ಸಂತೆಯ ಬಾಗಿಲಿಗೆ ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದಾಗಿದ್ದಿತು. ಬಿಸುವಿನಿಂದ ಮಳೆಗಾಲದ ಹೊಸ್ತಿಲಾದ ಪತ್ತನಾಜೆಯವರೆಗಿನ ಸಂತೆಗೆ ಒಂದು ಪ್ರತ್ಯೇಕವಾದ ಮೈಯುಂಟು. ಮಳೆ ಹಿಡಿದರೆ ಕಡಲಿಗೆ ದೋಣಿಯಿಳಿಯದು, ಅಂಗಳದಲ್ಲಿ ಏನೂ ಒಣಗದು, ಆಟಿ ತಿಂಗಳಲ್ಲಿ ಕೈಯಲ್ಲಿ ಕಾಸೂ ಇರದು ಎಂಬುದನ್ನು ತಲೆಮಾರುಗಳಿಂದ ಬಲ್ಲ ಮನೆಯವರು ನಾಲ್ಕು ತಿಂಗಳ ಬಾಳನ್ನು ನಾಲ್ಕು ವಾರಗಳಲ್ಲಿ ಕೊಂಡು ಅಟ್ಟಕ್ಕೇರಿಸುವರು. ಆದುದರಿಂದ ಒಣಮೀನಿನ ಸಾಲಿನಲ್ಲಿ ಕಾಲಿಡಲು ಎಡೆಯಿಲ್ಲ; ಮೆಣಸಿನ ರಾಶಿಯ ಬಳಿ ಸೀನದವನಿಲ್ಲ; ನೀರುಳ್ಳಿಯ ಗೋಣಿಗಳು, ಬೆಲ್ಲದ ಅಚ್ಚುಗಳು, ಮಣ್ಣಿನ ಅಳಗೆಗಳು, ಕೊರಗರು ಕಾಡಿನ ಬಳ್ಳಿಯಿಂದ ಹೆಣೆದ ಬುಟ್ಟಿಗಳು, ಹಾಳೆಯ ಮುಟ್ಟಾಳೆಗಳು. ತುಳು, ಕನ್ನಡ, ಬ್ಯಾರಿ, ಕೊಂಕಣಿಗಳು ಒಂದೇ ಉಸಿರಿನಲ್ಲಿ. ಒಬ್ಬಳೇ ಗಿರಾಕಿ ನಾಲ್ಕು ಹೆಜ್ಜೆಯೊಳಗೆ ಒಬ್ಬರನ್ನು ಅಣ್ಣನೆಂದು, ಒಬ್ಬರನ್ನು ಕಾಕನೆಂದು, ಒಬ್ಬರನ್ನು ಬಾಯಿಯೆಂದು ಕರೆದು ಕ್ರಯ ಕೇಳಿದಳು.

ಅಳಿಯನೂ ಅವನ ಮಗಳೂ ಅಲ್ಲಿ ಮಾಡಿದುದನ್ನೇ ಇಲ್ಲಿಯೂ ಮಾಡತೊಡಗಿದರು. ಬಸಳೆಯ ಸೂಡಿಗಳನ್ನು ಗೋಣಿಚೀಲದ ಮೇಲೆ ಹರಡಿಕೊಂಡು, ಪ್ರತಿಯೊಂದಕ್ಕೂ ನೀರು ಚಿಮುಕಿಸುತ್ತಿದ್ದ ಒಬ್ಬ ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಹುಡುಗಿ ಒಂದಾದಮೇಲೊಂದು ಚಿತ್ರ ತೆಗೆದಳು. ಮುದುಕಿ ಮೊದಲು ಸೆರಗು ಸರಿಪಡಿಸಿಕೊಂಡಳು, ಎರಡನೆಯದಕ್ಕೆ ನಕ್ಕಳು, ಮೂರನೆಯದಕ್ಕೆ, “ಎಷ್ಟು ಸೂಡಿ ಬೇಕು ಮಗಾ?” ಎಂದು ಕೇಳಿದಳು. ಬೇಡ, ಸುಮ್ಮನೆ, ಎಂದು ಹುಡುಗಿ. ಮುದುಕಿ ಏನೂ ಹೇಳದೆ ಚೊಂಬಿನಲ್ಲಿ ಉಳಿದ ನೀರನ್ನೆಲ್ಲ ಬಸಳೆಗೆ ಚಿಮುಕಿಸಿ, ಪಕ್ಕದವಳ ಕಡೆಗೆ ತಿರುಗಿ ಕುಳಿತಳು. ಬೈಗುಳವಿಲ್ಲ, ಮುನಿಸಿಲ್ಲ, ಆದರೆ ನನ್ನ ಕಿವಿ ಬಿಸಿಯಾಯಿತು, ಏಕೆಂದರೆ ಆ ದಿನದ ಮಾರ್ಗದರ್ಶಕನು ನಾನು.

ನನ್ನನ್ನು ಪಾರುಮಾಡಿದವಳು ನನ್ನ ಮನೆಯವಳು. ಆಕೆ ಚೀಲ ಹಿಡಿದು ನಮ್ಮ ಹಿಂದೆಯೇ ಬರುತ್ತಿದ್ದವಳು, ಅಲ್ಲಿಯೇ ನಿಂತು, ಸೂಡಿಯನ್ನೆತ್ತಿ ದಂಟಿನ ತುದಿಯನ್ನು ಉಗುರಿನಿಂದ ಚಿವುಟಿ ನೋಡಿ, ಕ್ರಯ ಕೇಳಿ, ಹೆಚ್ಚಾಯಿತೆಂದು ಹೇಳಿ, ಮುದುಕಿಯ ಮಂಡಿನೋವು ವಿಚಾರಿಸಿ, ಮೊಮ್ಮಗಳ ಬಾಣಂತನ ವಿಚಾರಿಸಿ, ಎರಡು ಸೂಡಿಗೆ ಹಣ ಕೊಟ್ಟಳು. ಬಳಿಕ ನಡೆದುದನ್ನು ತಾವು ಸಾವಿರ ಸಲ ಕಂಡಿರುವಿರಿ, ನಾನೂ ಕಂಡಿದ್ದೆನು, ಆದರೆ ನೋಡಿರಲಿಲ್ಲ. ಹಣ ಕೊಟ್ಟಾದ ಮೇಲೂ ನನ್ನ ಮನೆಯವಳು ಚೀಲದ ಬಾಯನ್ನು ಮುಚ್ಚದೆ ಒಂದು ಕ್ಷಣ ಹಾಗೆಯೇ ಹಿಡಿದಿದ್ದಳು. ಮುದುಕಿ ಇತ್ತ ನೋಡದೆಯೇ ಬೆನ್ನ ಹಿಂದಿನ ಬುಟ್ಟಿಗೆ ಕೈಹಾಕಿ, ಒಂದು ಎಸಳು ಕರಿಬೇವನ್ನೂ ನಾಲ್ಕು ಹಸಿಮೆಣಸನ್ನೂ ಚೀಲದೊಳಗೆ ಬಿಟ್ಟಳು. ಚೀಲ ಮುಚ್ಚಿತು. “ಅದಕ್ಕೆ ಎಷ್ಟು?” ಎಂದು ಕೇಳಿದ ಹುಡುಗಿಗೆ ಇಬ್ಬರೂ ಏಕಕಾಲದಲ್ಲಿ ನಕ್ಕರು. ಅದು ಕೊಸರು.

ಈ ಕೊಸರಿನ ವ್ಯಾಕರಣವನ್ನು ನಾನು ಬಾಲ್ಯದಲ್ಲಿ ಅವಮಾನಪೂರ್ವಕವಾಗಿ ಕಲಿತವನು. ತಾಯಿ ಹುರುಳಿ ತರಲು ಕಳುಹಿಸಿದಾಗ, ವ್ಯಾಪಾರಿ ಸೇರನ್ನು ತುಂಬುವ ಮುನ್ನವೇ ಕೊಸರು ಕೊಡಿ ಎಂದು ಕೈಚಾಚಿದೆನು. ಆತನು ಸೇರಿನ ನೆತ್ತಿಯ ಮೇಲಿದ್ದ ಗೋಪುರವನ್ನು ಅಂಗೈಯಿಂದ ಸವರಿ ಸಮತಟ್ಟು ಮಾಡಿ, ಅಷ್ಟನ್ನೇ ಸುರಿದು ಕಳುಹಿಸಿದನು. ಕೊಸರನ್ನು ಅಳತೆಗೆ ಮೊದಲು ಕೇಳಲಾಗದು, ಕೊಟ್ಟರೆ ಬೇಡವೆನ್ನಲಾಗದು, ಇಷ್ಟೇ ಏಕೆಂದು ಕೇಳುವಂತೆಯೂ ಇಲ್ಲ. ನಮ್ಮ ಸೀಮೆಯಲ್ಲಿ ಅಳತೆಗೇನು ಕೊರತೆಯೇ? 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂದು ಬೈಹುಲ್ಲಿನಲ್ಲಿ ಅಕ್ಕಿಯನ್ನು ಕಟ್ಟಿದವರು ನಾವು. ಮಲ್ಲಿಗೆಯಂಥ ಮೃದುವಾದುದನ್ನೂ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಬಾಳೆನಾರಿನಲ್ಲಿ ಎಣಿಸಿ ಕಟ್ಟುವವರು. ಇಷ್ಟು ನಿಷ್ಠುರವಾಗಿ ಅಳೆಯುವ ಜನವೇ ಅಳತೆ ಮುಗಿದ ಮೇಲೆ ಅಳತೆಯಿಲ್ಲದ ಒಂದು ಹಿಡಿಯನ್ನು ಸೇರಿಸುವುದು. ಈಗ ಸೇರಿನ ಜಾಗದಲ್ಲಿ ಕೆಂಪಂಕಿಯ ತಕ್ಕಡಿ ಬಂದಿದೆ, ಬುಟ್ಟಿಯ ಬದಿಯಲ್ಲಿ ಹಣ ಸಂದುದನ್ನು ಉಚ್ಚಸ್ವರದಲ್ಲಿ ಸಾರುವ ಪೆಟ್ಟಿಗೆ ಬಂದಿದೆ. ಆ ಪೆಟ್ಟಿಗೆ ಸಾರಿ ಮುಗಿಸಿದ ಮೇಲೆಯೇ ಕೈ ಮತ್ತೆ ಬುಟ್ಟಿಗಿಳಿಯುವುದನ್ನು ಅಂದು ಮೂರು ಕಡೆ ಕಂಡೆನು.

ಈ ಕೊಸರು ಹೊಸತೂ ಅಲ್ಲ, ಸಣ್ಣದೂ ಅಲ್ಲ. 1132ರಿಂದ 1149ರವರೆಗೆ ನಮ್ಮ ಮಂಗಳೂರಿನಲ್ಲಿ ನೆಲಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಟುನೀಸಿಯದ ಯೆಹೂದಿ ವರ್ತಕನಿಗೆ ಏಡನ್ ಬಂದರಿನ ಪಾಲುಗಾರರು ಬರೆದ ಓಲೆಗಳು ಕೈರೋ ಪಟ್ಟಣದ ಒಂದು ಪ್ರಾರ್ಥನಾಮಂದಿರದ ಕೋಣೆಯಲ್ಲಿ ಉಳಿದು ಬಂದಿರುವುವು. ಮೆಣಸು, ಕಬ್ಬಿಣ, ಕಂಚಿನ ಪಾತ್ರೆಗಳ ಲೆಕ್ಕವನ್ನು ಕಾಸುಕಾಸಾಗಿ ಬರೆದ ಆ ಓಲೆಗಳು, ಲೆಕ್ಕವೆಲ್ಲ ಮುಗಿದ ಮೇಲೆ, ಒಂದಿಷ್ಟು ಕಾಗದ, ಸಕ್ಕರೆ, ಒಣದ್ರಾಕ್ಷಿಗಳನ್ನು ಕಾಣಿಕೆಯಾಗಿ ಕಳುಹಿಸಿರುವುದನ್ನೂ ತಿಳಿಸುವುವು. ಅರಬ್ಬೀ ಸಮುದ್ರದಗಲದ ಕೊಸರು ಎಂದು ನಾನದನ್ನು ಕರೆಯುತ್ತೇನೆ, ವಿದ್ವಾಂಸರು ಒಪ್ಪದಿರಬಹುದು. 1801ರಲ್ಲಿ ಬಂಟ್ವಾಳ, ವೇಣೂರು, ಮೂಡುಬಿದಿರೆಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕುಂಪಣಿಗಾಗಿ ಕಂಡಕಂಡ ಕಡೆ ಅಳತೆಗಳನ್ನೂ ಬೆಲೆಗಳನ್ನೂ ಕೇಳಿ ಬರೆದುಕೊಂಡನು. ಬುದ್ಧಿವಂತ, ಪರಿಶ್ರಮಿ, ಆತನ ಗ್ರಂಥಕ್ಕೆ ನಾವು ಋಣಿಗಳು. ಆದರೆ ಮುಂದೆ ಬಾರದ ಗಿರಾಕಿಗೆ, ಅದೂ ಕಂದಾಯದ ವಾಸನೆಯುಳ್ಳವನಿಗೆ, ಯಾರು ಕರಿಬೇವು ಕೊಟ್ಟಾರು?

ಥೈ ನುಡಿಯಲ್ಲಿಯೂ ಈ ಕೊಸರಿಗೆ ಒಂದು ಹೆಸರುಂಟು, ಥ್ಯಾಮ್ ಎಂದು. ಅಂದು ರಾತ್ರಿ ಅಳಿಯನ ಮಡದಿ ಇದನ್ನು ಜ್ಞಾಪಿಸಿಕೊಂಡಳು. ಅವರ ಮನೆಯ ಹತ್ತಿರದ ಗಲ್ಲಿಯಲ್ಲಿ ಹಣ್ಣು ಮಾರುವವಳು ವಾರಕ್ಕೆರಡು ಸಲ ಹೋಗುವ ಇವಳ ಚೀಲಕ್ಕೆ ಎರಡು ಹಣ್ಣು ಹೆಚ್ಚಾಗಿ ಹಾಕುವಳಂತೆ. ಮಾರ್ಗದರ್ಶಕನೊಡನೆ ಹೋದ ದಿನ ದೋಣಿಯ ಸಂತೆಯಲ್ಲಿಯಾಗಲಿ ಹಳಿಯ ಸಂತೆಯಲ್ಲಿಯಾಗಲಿ ಅಂಥದೊಂದೂ ಕಾಣಲಿಲ್ಲವಂತೆ. ಆ ವ್ಯಾಪಾರಿಗಳ ತಪ್ಪೆಂದು ನಾನು ಹೇಳಲಾರೆ. ದಿನಕ್ಕೆ ಎಂಟು ಬಾರಿ ಬರುವ ಗಾಡಿಗಾಗಿ ನೆರಳು ಮಡಚುವವಳ ಮುಂದೆ, ಒಮ್ಮೆಯೂ ಮರಳಿ ಬಾರದ ನೂರಾರು ಮುಖಗಳು ನಿಂತಿರುವುವು. ಅವಳು ಯಾವ ಮುಖಕ್ಕೆಂದು ಕೊಟ್ಟಾಳು? ಆ ನೋಟಕರಿಂದ ಅವಳ ಮನೆಯ ಒಲೆ ಉರಿಯುವುದಾದರೆ ಉರಿಯಲಿ. ನಮ್ಮ ಸಂತೆಗಳಿಗೆ ನೋಟಕರೂ ಇಲ್ಲ. ಪಿಕಪ್ ವಾಹನದಲ್ಲಿ ಘಟ್ಟದ ತರಕಾರಿ ಮನೆಬಾಗಿಲಿಗೇ ದಿನವೂ ಬರುವ ಕಾಲದಲ್ಲಿ ಸೋಮವಾರಕ್ಕಾಗಿ ಕಾಯುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವರು.

ಈ ಸಂಘದ ಕೆಲವು ತರುಣರು ಹೊರಗಿನವರಿಗಾಗಿ ಒಂದು ದಿನದ ಸಂತೆಯಾತ್ರೆಯನ್ನು ಏರ್ಪಡಿಸುವ ಯೋಚನೆಯಲ್ಲಿರುವರೆಂದು ಕೇಳಿ ನನಗೆ ಸಂತೋಷವೂ ಅಂಜಿಕೆಯೂ ಆಗಿದೆ. ಸೋಮವಾರ ಬೆಳ್ತಂಗಡಿ, ಶುಕ್ರವಾರ ಮೂಡುಬಿದಿರೆ; 1430ರ ಸಾವಿರ ಕಂಬದ ಬಸದಿಯನ್ನು ತೋರಿಸಿ, ವರ್ತಕರ ಹೊನ್ನು ಕಲ್ಲಿನಲ್ಲಿ ಹೇಗೆ ಅರಳಿತೆಂದು ಹೇಳಿ, ಬಳಿಕ ಸಂತೆಗೆ ಕರೆದೊಯ್ಯಬಹುದು. ನನ್ನ ಬಿನ್ನಹ ಇಷ್ಟೆ: ಬಂದವರ ಕೈಗೆ ಒಂದೊಂದು ಬಟ್ಟೆಯ ಚೀಲವನ್ನೂ ಒಂದೊಂದು ಸಾಮಾನಿನ ಚೀಟಿಯನ್ನೂ ಕೊಡಿರಿ, ಅಡಿಗೆಯನ್ನು ಅವರಿಂದಲೇ ಮಾಡಿಸಿರಿ, ಮತ್ತು ಮಾರ್ಗದರ್ಶಕರನ್ನಾಗಿ ನನ್ನಂಥ ಮಾತುಗಾರರನ್ನು ಬಿಟ್ಟು, ದಂಟು ಚಿವುಟಲು ಬಲ್ಲ ಹೆಂಗಸರನ್ನು ನೇಮಿಸಿರಿ.

ಹುಡುಗಿಯ ಕಥೆ ಸ್ವಲ್ಪ ಉಳಿದಿದೆ. ಅಜ್ಜಿ ಅವಳ ಕೈಗೆ ಐವತ್ತು ರೂಪಾಯಿಯ ನೋಟೊಂದನ್ನು ಕೊಟ್ಟು, ನೀನೇ ಏನಾದರೂ ಕೊಳ್ಳು ಎಂದಾಗ, ಅವಳು ಸಾಲಿನ ತುದಿಯವರೆಗೂ ಹೋಗಿ, ಬಿಸುಕಣಿಯಲ್ಲಿ ಕಂಡಿದ್ದಂಥದೇ ಒಂದು ಹಳದಿ ಗೀರಿನ ಸೌತೆಯನ್ನು ಆರಿಸಿ, ಅಣ್ಣಾ ಎಂದು ಕರೆದು ಕ್ರಯ ಕೇಳಿ, ಹಣ ಕೊಟ್ಟು, ಚೀಲದ ಬಾಯಿ ತೆರೆದು ನಿಂತಳು. ನಿಂತೇ ಇದ್ದಳು. ಆತನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗಟ್ಟಿಯಾಗಿ ನಕ್ಕು ಒಂದು ಮುಷ್ಟಿ ಅಲಸಂಡೆ ಹಾಕಿದನು. ಸೌತೆಯನ್ನು ವಿಮಾನದಲ್ಲಿ ಒಯ್ಯಲಾಗದೆಂದು ಅದನ್ನು ಬಾಳೆನಾರಿನಲ್ಲಿ ಕಟ್ಟಿ, ಅವಳ ಹೆಸರು ಹೇಳಿ, ನಮ್ಮ ಅಟ್ಟದಲ್ಲಿ ನೇತುಹಾಕಿದೆವು. ಅಲ್ಲಿಂದ ಫೋನು ಬಂದಾಗಲೆಲ್ಲ, ಅಜ್ಜಾ, ನನ್ನ ಸೌತೆ ಹೇಗಿದೆ ಎಂದು ಕೇಳುವಳು, ಚೆನ್ನಾಗಿದೆ ಎನ್ನುವೆನು. ಆಟಿಯ ಒಂದು ಮಧ್ಯಾಹ್ನ, ಅಂಗಳ ಕಾಣದಷ್ಟು ಮಳೆ ಹೊಯ್ಯುತ್ತಿದ್ದಾಗ, ಮನೆಯಲ್ಲಿ ಬೇರಾವ ತರಕಾರಿಯೂ ಇಲ್ಲದೆ ಅದು ಹುಳಿಯಾಗಿ ಹೋದುದನ್ನು ನಾನಿನ್ನೂ ಅವಳಿಗೆ ಹೇಳಿಲ್ಲ. ತಾವೂ ದಯಮಾಡಿ ಹೇಳಬಾರದು.