ಮೇಷ್ಟರಿಗಾಗಿ ಶಾಲೆ ಬಿಟ್ಟ ಶಿಷ್ಯ

(ಸುವರ್ಣ ಮಹೋತ್ಸವದ ಗುರುವಂದನೆ ಸಭೆಯಲ್ಲಿ ಮಾಡಿದ ಭಾಷಣ)



ಗುರು-ಶಿಷ್ಯರ ಬಗ್ಗೆ ನಾಲ್ಕು ಮಾತಾಡಿ ಎಂದು ಸಮಿತಿಯವರು ಕೇಳಿದಾಗ ನನಗೆ ನೆನಪಾದವರು ದೂರದ ರಷ್ಯಾದ ಒಬ್ಬ ಸಂಗೀತಗಾರರು. ಹೆಸರು ಹೇಳಲು ನಾಲಗೆ ತೊಡರುತ್ತದೆ: ಮಸ್ಟಿಸ್ಲಾವ್ ರೊಸ್ಟ್ರೊಪೊವಿಚ್. 1927ರಲ್ಲಿ ಬಾಕುವಿನಲ್ಲಿ ಹುಟ್ಟಿದವರು. ನುಡಿಸುತ್ತಿದ್ದದ್ದು ಚೆಲ್ಲೊ. ಪಿಟೀಲಿನ ದೊಡ್ಡಣ್ಣ ಎನ್ನಿ. ಕುರ್ಚಿಯ ಮೇಲೆ ಕೂತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸಬೇಕು.

ಮಾಸ್ಕೋದ ಸಂಗೀತ ವಿದ್ಯಾಲಯದಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಶೊಸ್ತಕೋವಿಚ್ ಒಬ್ಬರು. ಜಗತ್ತೇ ಬಲ್ಲ ಸಂಗೀತ ರಚನಕಾರರು. 1948ರಲ್ಲಿ ಅವರ ಸಂಗೀತ ಜನವಿರೋಧಿ ಎಂದು ಆಳುವ ಪಕ್ಷ ನಿರ್ಣಯ ಮಾಡಿತು. ಮೇಷ್ಟರ ಕೆಲಸ ಹೋಯಿತು. ಶಿಷ್ಯನಿಗೆ ಇಪ್ಪತ್ತೊಂದರ ಪ್ರಾಯ. ನನ್ನ ಗುರುಗಳಿಲ್ಲದ ಕಡೆ ನನಗೇನು ಕೆಲಸ ಎನ್ನುವಂತೆ ವಿದ್ಯಾಲಯ ಬಿಟ್ಟು ಹೊರಟರು. ಆಗಿನ್ನೂ ಸ್ಟಾಲಿನ್ ಬದುಕಿದ್ದ, ನೆನಪಿರಲಿ.

ಹನ್ನೊಂದು ವರ್ಷದ ಮೇಲೆ, 1959ರಲ್ಲಿ, ಅದೇ ಮೇಷ್ಟರು ಈ ಶಿಷ್ಯನಿಗಾಗಿ ಒಂದು ದೊಡ್ಡ ಚೆಲ್ಲೊ ಕೃತಿ ಬರೆದುಕೊಟ್ಟರು. ಅವರು ಅದನ್ನು ನಾಲ್ಕೇ ದಿನದಲ್ಲಿ ಬಾಯಿಪಾಠ ಮಾಡಿದರಂತೆ. ಹತ್ತೊಂಬತ್ತರ ಮಗ್ಗಿಗೆ ನಾನು ಎಷ್ಟು ದಿನ ತೆಗೆದುಕೊಂಡೆನೆಂದು ಇಲ್ಲಿ ಕೂತಿರುವ ನಮ್ಮ ಗಣಿತದ ಮೇಷ್ಟರಿಗೆ ಗೊತ್ತು!

ಸರ್ಕಾರದ ಕಣ್ಣಿಗೆ ಬಿದ್ದಿದ್ದ ಲೇಖಕ ಸೋಲ್ಝೆನಿತ್ಸಿನ್‌ಗೆ 1969ರಲ್ಲಿ ಇರಲು ಜಾಗವಿರಲಿಲ್ಲ. ರೊಸ್ಟ್ರೊಪೊವಿಚ್ ಮತ್ತು ಅವರ ಹೆಂಡತಿ, ಗಾಯಕಿ ಗಲೀನಾ ವಿಷ್ನೆವ್ಸ್ಕಾಯಾ, ತಮ್ಮ ಹಳ್ಳಿಮನೆಯಲ್ಲಿ ಜಾಗ ಕೊಟ್ಟರು. ಮರುವರ್ಷ ಆ ಲೇಖಕನ ಪರವಾಗಿ ಪತ್ರಿಕೆಗಳಿಗೆ ಪತ್ರ ಬರೆದರು. ದೇಶದ ಒಂದು ಪತ್ರಿಕೆಯೂ ಅಚ್ಚು ಮಾಡಲಿಲ್ಲ. ಆಮೇಲೆ ಕಛೇರಿಗಳು ಒಂದೊಂದೇ ತಪ್ಪಿದವು. 1974ರಲ್ಲಿ ದೇಶ ಬಿಟ್ಟರು. 1978ರಲ್ಲಿ ಗಂಡಹೆಂಡಿರಿಬ್ಬರ ಪೌರತ್ವವನ್ನೂ ಕಿತ್ತುಕೊಂಡರು. ಅಷ್ಟರಲ್ಲಿ ಅವರು ಅಮೆರಿಕದ ವಾಷಿಂಗ್ಟನ್ನಿನಲ್ಲಿ ವಾದ್ಯವೃಂದದ ನಿರ್ದೇಶಕರಾಗಿದ್ದರು. ಹದಿನೇಳು ವರ್ಷ ಅದನ್ನು ನಡೆಸಿದರು. ಆದರೆ ಮೇಷ್ಟರು 1975ರಲ್ಲಿ ತೀರಿಕೊಂಡಾಗ ಶಿಷ್ಯ ಪರದೇಶದಲ್ಲಿದ್ದರು. ನನಗೆ ಅವರ ಕಥೆಯಲ್ಲಿ ಎಲ್ಲಕ್ಕಿಂತ ಸಂಕಟ ಕೊಡುವುದು ಇದೇ.

1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ತೆರೆದ ಸುದ್ದಿ ಕೇಳಿ ಚೆಲ್ಲೊ ಹಿಡಿದುಕೊಂಡು ಅಲ್ಲಿಗೆ ಹಾರಿದರು. ಕೂರಲು ಕುರ್ಚಿಯಿಲ್ಲ. ಯಾರನ್ನೋ ಕೇಳಿ ಒಂದು ಕುರ್ಚಿ ತರಿಸಿಕೊಂಡು, ಗೋಡೆಗೆ ಬೆನ್ನು ಮಾಡಿ ಕೂತು ಬಾಖ್‌ನ ಕೃತಿಗಳನ್ನು ನುಡಿಸಿದರು. ಮರುವರ್ಷ ಅವರ ದೇಶ ಪೌರತ್ವ ಹಿಂದಿರುಗಿಸಿತು. 2007ರಲ್ಲಿ ಮಾಸ್ಕೋದಲ್ಲೇ ತೀರಿಕೊಂಡರು. ಮೇಷ್ಟರನ್ನು ಮಣ್ಣು ಮಾಡಿದ್ದ ನೊವೊಡೆವಿಚಿ ಸ್ಮಶಾನದಲ್ಲೇ ಶಿಷ್ಯನನ್ನೂ ಮಣ್ಣು ಮಾಡಿದರು.