ಡೀಸೆಲ್ ಟ್ಯಾಂಕಿನ ತಳದಲ್ಲಿ ಕುಳಿತ ನೀರು

ಗಾಳಿಯ ಬಲದಿಂದ ಓಡುವ ಹಾಯಿದೋಣಿಗೆ ಡೀಸೆಲ್ ಯಾಕೆ ಬೇಕು?

ನಮ್ಮ ನೌಕಾಪಡೆಯ ‘ತಾರಿಣಿ’ ಎಂಬ ಹಾಯಿದೋಣಿಯ ಹೆಸರು ನೀವು ಕೇಳಿರಬಹುದು. ಗೋವಾದಲ್ಲಿ ಕಟ್ಟಿದ ಈ ದೋಣಿಯ ಉದ್ದ ಸುಮಾರು 17 ಮೀಟರ್. ವರ್ತಿಕಾ ಜೋಶಿ ಅವರ ಮುಂದಾಳತ್ವದಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್ 10ರಂದು ಇದರಲ್ಲಿ ಗೋವಾದಿಂದ ಹೊರಟರು. ಭೂಮಿಗೆ ಒಂದು ಸುತ್ತು ಹಾಕಿ 2018ರ ಮೇ 21ರಂದು ಮರಳಿ ಬಂದರು. ಅವರನ್ನು ಸಾಗರಗಳಾಚೆ ಒಯ್ದದ್ದು ಹಾಯಿಗೆ ತುಂಬಿದ ಗಾಳಿಯೇ. ಆದರೂ ದೂರ ಹೋಗುವ ಇಂಥ ದೋಣಿಗಳಲ್ಲಿ ಒಂದು ಡೀಸೆಲ್ ಎಂಜಿನ್ ಇರುತ್ತದೆ. ಬಂದರಿನ ಇಕ್ಕಟ್ಟಿನಲ್ಲಿ ಬೇಕಾದ ಕಡೆಗೆ ತಿರುಗಲು ಗಾಳಿಯನ್ನೇ ನೆಚ್ಚಿಕೊಂಡರೆ ಆಗದು. ಆಗ ಎಂಜಿನ್ ಬೇಕು. ದೀಪ, ರೇಡಿಯೋಗಳ ಬ್ಯಾಟರಿ ತುಂಬಲೂ ಅದು ನೆರವಾಗುತ್ತದೆ.

ಡೀಸೆಲ್ ಎಂಜಿನ್‌ನಲ್ಲಿ ಬೆಂಕಿ ಹೊತ್ತಿಸುವ ಕಿಡಿ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ವಿಪರೀತ ಬಿಸಿಯಾಗುತ್ತದೆ. ಆ ಬಿಸಿಗಾಳಿಗೆ ಇಂಜೆಕ್ಟರ್ ಎಂಬ ಭಾಗ ಡೀಸೆಲನ್ನು ಸಣ್ಣ ಹನಿಗಳಾಗಿ ಸಿಂಪಡಿಸುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಇಂಜೆಕ್ಟರಿನೊಳಗೆ ಸರಿದಾಡುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ನಿಮ್ಮ ತಲೆಗೂದಲೊಂದರ ದಪ್ಪ ಸುಮಾರು 70 ಮೈಕ್ರಾನ್. ಇಷ್ಟು ಸಣ್ಣ ಸಂದಿಗೆ ಕಸ ಹೊಕ್ಕರೆ ಭಾಗಗಳು ಸವೆಯುತ್ತವೆ, ನೀರು ಹೊಕ್ಕರೆ ತುಕ್ಕು ಹಿಡಿಯುತ್ತವೆ.

ಮುಚ್ಚಳ ಹಾಕಿದ ಟ್ಯಾಂಕಿಗೆ ನೀರು ಎಲ್ಲಿಂದ ಬಂತು? ಒಂದು ದಾರಿ ಆ ಮುಚ್ಚಳವೇ. ಡೀಸೆಲ್ ತುಂಬುವ ಬಾಯಿ ಸಾಮಾನ್ಯವಾಗಿ ದೋಣಿಯ ಮೇಲ್ಗಡೆ, ಕಾಲಿಡುವ ಹಲಗೆಯ ಮಟ್ಟದಲ್ಲೇ ಇರುತ್ತದೆ. ಅಲೆ ಅಪ್ಪಳಿಸಿದಾಗಲೆಲ್ಲ ಅದರ ಮೇಲೆ ಉಪ್ಪುನೀರು ಹರಿಯುತ್ತದೆ. ಮುಚ್ಚಳದ ರಬ್ಬರ್ ವಾಷರ್ ಬಿರುಕುಬಿಟ್ಟಿದ್ದರೆ ನೀರು ಒಳಗೆ ಜಿನುಗುತ್ತದೆ.

ಇನ್ನೊಂದು ದಾರಿ ಕಣ್ಣಿಗೆ ಕಾಣದ್ದು. ಡೀಸೆಲ್ ಖರ್ಚಾದಂತೆ ಖಾಲಿಯಾದ ಜಾಗಕ್ಕೆ ಒಂದು ಸಣ್ಣ ಕೊಳವೆಯ ಮೂಲಕ ಹೊರಗಿನ ಗಾಳಿ ಬರುತ್ತದೆ. ಕಡಲ ಗಾಳಿಯಲ್ಲಿ ತೇವ ಹೆಚ್ಚು. ರಾತ್ರಿ ಟ್ಯಾಂಕಿನ ಗೋಡೆ ತಣ್ಣಗಾದಾಗ, ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವ ಹಾಗೆ, ಟ್ಯಾಂಕಿನ ಒಳಮೈ ಬೆವರುತ್ತದೆ. ಹನಿಗಳು ಜಾರಿ ಡೀಸೆಲಿಗೆ ಬೀಳುತ್ತವೆ. ಒಂದು ಲೀಟರ್ ನೀರಿನ ತೂಕ 1000 ಗ್ರಾಂ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ. ಎರಡೂ ಬೆರೆಯುವುದಿಲ್ಲ. ಹಾಗಾಗಿ ನೀರು ನೇರ ತಳಕ್ಕೆ ಇಳಿದು ಕೂರುತ್ತದೆ.

ಅಲ್ಲಿಗೆ ಬಾಡಿಗೆದಾರರು ಬರುತ್ತಾರೆ! ಕೆಲವು ಬ್ಯಾಕ್ಟೀರಿಯಾ ಮತ್ತು ಬೂಸ್ಟುಗಳಿಗೆ ಡೀಸೆಲೇ ಆಹಾರ. ಆದರೆ ನೀರಿಲ್ಲದೆ ಅವು ಬದುಕಲಾರವು. ಕೆಳಗೆ ನೀರು, ಮೇಲೆ ಊಟ. ಎರಡೂ ಕೂಡುವ ಗಡಿಯಲ್ಲಿ ಅವು ಸಂಸಾರ ಹೂಡುತ್ತವೆ. ದಿನ ಕಳೆದಂತೆ ಅಲ್ಲಿ ಕಂದು-ಕಪ್ಪು ಬಣ್ಣದ ಲೋಳೆ ಕಟ್ಟುತ್ತದೆ. ಅವು ಹೊರಬಿಡುವ ಆಮ್ಲ ಲೋಹದ ಟ್ಯಾಂಕನ್ನೂ ತಿನ್ನಬಲ್ಲದು.

ಕಡಲು ಶಾಂತವಾಗಿದ್ದಾಗ ಈ ಗಸಿ ತಳದಲ್ಲೇ ಇರುತ್ತದೆ. ಅಲೆ ಎದ್ದಾಗ ಟ್ಯಾಂಕ್ ಕುಲುಕಿ ಎಲ್ಲವೂ ಕದಡುತ್ತದೆ, ಲೋಳೆ ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ, ಡೀಸೆಲ್ ಸಿಗದೆ ಎಂಜಿನ್ ನಿಂತುಬಿಡುತ್ತದೆ. ಅಲೆ ಜೋರಾಗಿ ಬಂದರಿನ ಆಸರೆ ಬೇಕಾದ ಹೊತ್ತಿಗೇ ಎಂಜಿನ್ ಕೈಕೊಡುವುದು ಇದೇ ಕಾರಣಕ್ಕೆ.

ಹಾಗಾಗಿ ತಿಳಿದ ನಾವಿಕರು ಡೀಸೆಲ್ ತುಂಬುವಾಗಲೇ ಎಚ್ಚರ ವಹಿಸುತ್ತಾರೆ. ಕುಡಿಯುವ ನೀರಿನ ಬಾಯಿ, ಡೀಸೆಲಿನ ಬಾಯಿ ಎರಡೂ ಒಂದೇ ಥರ ಕಾಣುವುದುಂಟು. ಮುಚ್ಚಳದ ಮೇಲಿನ ಬರಹವನ್ನು ಎರಡು ಸಲ ಓದಿಯೇ ತೆರೆಯುತ್ತಾರೆ. ಸುತ್ತಲಿನ ಮರಳು, ನೀರು ಒರೆಸುತ್ತಾರೆ. ಬಂದರಿನ ಡೀಸೆಲ್ ಮೇಲೆ ಅನುಮಾನವಿದ್ದರೆ ಮೊದಲು ಒಂದಿಷ್ಟನ್ನು ಗಾಜಿನ ಸೀಸೆಗೆ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಾರೆ. ತಿಳಿಯಾಗಿ ಹೊಳೆದರೆ ಸರಿ. ಮಂಜುಮಂಜಾಗಿದ್ದರೆ, ತಳದಲ್ಲಿ ಗುಂಡನೆಯ ಹನಿಗಳು ಕಂಡರೆ ಬೇಡ. ವಿಶೇಷ ಲೇಪನದ ಜಾಲರಿಯಿರುವ ಆಲಿಕೆಯೂ ಸಿಗುತ್ತದೆ. ಡೀಸೆಲ್ ಆ ಜಾಲರಿಯನ್ನು ನೆನೆಸಿಕೊಂಡು ಕೆಳಗಿಳಿಯುತ್ತದೆ. ನೀರು ಗುಂಡುಗುಂಡಾಗಿ ಮೇಲೆಯೇ ಉಳಿಯುತ್ತದೆ.

ಟ್ಯಾಂಕ್ ತುಂಬಿದಷ್ಟೂ ಒಳಗೆ ತೇವದ ಗಾಳಿಗೆ ಜಾಗ ಕಡಿಮೆ. ಹಾಗೆಂದು ಕಂಠಮಟ್ಟ ತುಂಬುವಂತಿಲ್ಲ. ಬಿಸಿಲಿಗೆ ಡೀಸೆಲ್ ಹಿಗ್ಗುತ್ತದೆ: 100 ಲೀಟರ್ ಡೀಸೆಲ್ 10 ಡಿಗ್ರಿ ಬಿಸಿಯಾದರೆ ಸುಮಾರು 0.8 ಲೀಟರ್ ಹೆಚ್ಚಾಗುತ್ತದೆ. ಜಾಗವಿಲ್ಲದಿದ್ದರೆ ಅದು ಗಾಳಿಕೊಳವೆಯಿಂದ ಕಡಲಿಗೆ ಚೆಲ್ಲುತ್ತದೆ. ಚೆಲ್ಲಿದ ಡೀಸೆಲ್ ನೀರಿನ ಮೇಲೆ ಒಂದು ಮೈಕ್ರಾನಿಗಿಂತ ತೆಳುವಾಗಿ ಹರಡಿ ಕಾಮನಬಿಲ್ಲಿನ ಬಣ್ಣ ತೋರಿಸಬಹುದು. ನೋಡಲು ಚೆಂದ, ಮೀನಿನ ಮೊಟ್ಟೆ-ಮರಿಗಳಿಗೆ ವಿಷ. ಸೋಪುನೀರು ಸುರಿದರೆ ಅದು ಹನಿಹನಿಯಾಗಿ ಒಡೆದು ನೀರಿನೊಳಗೆ ಸೇರುತ್ತದೆಯೇ ಹೊರತು ಹೋಗುವುದಿಲ್ಲ. ಎಣ್ಣೆ ಹೀರುವ ಬಟ್ಟೆಯನ್ನು ಮೊದಲೇ ಕೈಯಲ್ಲಿ ಹಿಡಿದಿರುವುದೇ ಸರಿಯಾದ ಕ್ರಮ.

ಇಷ್ಟಾದರೂ ಒಂದಿಷ್ಟು ನೀರು ಒಳಸೇರಿದರೆ? ಟ್ಯಾಂಕಿಗೂ ಎಂಜಿನ್‌ಗೂ ನಡುವೆ ಒಂದು ಫಿಲ್ಟರ್ ಕಾವಲಿರುತ್ತದೆ. ಅದರ ಕೆಳಗೊಂದು ಪಾರದರ್ಶಕ ಬಟ್ಟಲು. ಭಾರವಾದ ನೀರು ಅದರ ತಳದಲ್ಲಿ ನಿಲ್ಲುತ್ತದೆ, ಹಗುರ ಡೀಸೆಲ್ ಮೇಲೇರಿ ಸೋಸಿಕೊಂಡು ಮುಂದೆ ಹೋಗುತ್ತದೆ. ಬಟ್ಟಲಿನಡಿಯ ತಿರುಪು ಸಡಿಲಿಸಿದರೆ ಮೊದಲು ಹೊರಬರುವುದು ನೀರು. ನೋಡಿದಿರಾ? ನೀರು-ಡೀಸೆಲ್ ಬೆರೆಯುವುದಿಲ್ಲ ಎಂಬುದರಿಂದಲೇ ತೊಂದರೆ ಹುಟ್ಟಿತು. ಅದೇ ಗುಣದಿಂದ ಪರಿಹಾರವೂ ಸಿಕ್ಕಿತು. ನಮ್ಮ ಮಲ್ಪೆ, ಕಾರವಾರದ ಮೀನುಗಾರಿಕೆ ಬೋಟುಗಳ ಡೀಸೆಲ್ ಎಂಜಿನ್‌ಗೂ, ಹೊಲದ ಟ್ರ್ಯಾಕ್ಟರಿಗೂ ಇದೇ ನಿಯಮ.

ಡೀಸೆಲ್ ಮುಟ್ಟದೆಯೇ ನೀವು ಇದನ್ನು ಪರೀಕ್ಷಿಸಬಹುದು. ಮುಚ್ಚಳವಿರುವ ಪಾರದರ್ಶಕ ಬಾಟಲಿಗೆ ಅರ್ಧ ಲೋಟ ಅಡುಗೆ ಎಣ್ಣೆ, ಕಾಲು ಲೋಟ ನೀರು ಹಾಕಿ ಚೆನ್ನಾಗಿ ಕುಲುಕಿ, ಮೇಜಿನ ಮೇಲಿಡಿ. ಎರಡೂ ಬೇರೆಯಾಗಲು ಎಷ್ಟು ನಿಮಿಷ ಹಿಡಿಯಿತು? ಮತ್ತೊಮ್ಮೆ ಒಂದು ಹನಿ ಸೋಪುನೀರು ಸೇರಿಸಿ ಕುಲುಕಿ. ಈಗ ಎಷ್ಟು ಹೊತ್ತು? ಎರಡೂ ಉತ್ತರಗಳನ್ನು ಬರೆದಿಟ್ಟು ನಿಮ್ಮ ವಿಜ್ಞಾನದ ಟೀಚರಿಗೆ ತೋರಿಸಿ.