ಸಂಸಾರದ ಖರ್ಚು: ಅಂದು, ಇಂದು
(ಮುಂಬಯಿಯಲ್ಲಿ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



“ನಾವು ಬೆವರು ಸುರಿಸಿ ಉಳಿಸಿದೆವು, ಮಕ್ಕಳು ಹಾರಿಸುತ್ತಾರೆ” ಎಂಬ ದೂರು ನಮ್ಮ ಮನೆಮನೆಗಳಲ್ಲಿ ಕೇಳಿಬರುತ್ತದೆ. ಅದು ಎಷ್ಟು ನಿಜವೆಂದು ಲೆಕ್ಕ ಹಿಡಿದು ನೋಡೋಣ.

1921-22ರಲ್ಲಿ ಮುಂಬಯಿ ಸರಕಾರದ ಕಾರ್ಮಿಕ ಕಚೇರಿಯವರು ಎರಡು ಸಾವಿರಕ್ಕೂ ಮಿಕ್ಕಿದ ಕಾರ್ಮಿಕ ಸಂಸಾರಗಳ ಆಯವ್ಯಯವನ್ನು ವಿಚಾರಿಸಿದರು. ತಿಂಗಳ ವರಮಾನ ಸರಾಸರಿ 52 ರೂಪಾಯಿ. ನೂರು ರೂಪಾಯಿ ಖರ್ಚಿನಲ್ಲಿ ಸುಮಾರು 57 ಹೊಟ್ಟೆಗೆ, 8 ಖೋಲಿಯ ಬಾಡಿಗೆಗೆ. ಹೆಚ್ಚುಕಡಿಮೆ ಅರ್ಧದಷ್ಟು ಸಂಸಾರಗಳು ಸಾಲದಲ್ಲಿದ್ದವು. ಬಡ್ಡಿ ರೂಪಾಯಿಗೆ ತಿಂಗಳಿಗೆ ಒಂದಾಣೆ, ಅಂದರೆ ವರ್ಷಕ್ಕೆ ನೂರಕ್ಕೆ 75! ಹಿಂದಿನವರಿಗೆ ಸಾಲವೇ ತಿಳಿದಿರಲಿಲ್ಲವೆಂಬ ಮಾತು ನಿಲ್ಲುವುದಿಲ್ಲ.

ಹೋಟೆಲಿನ ಹುಡುಗನ ಲೆಕ್ಕ ಬೇರೆ. ಊಟ ಮಾಲಿಕರದು, ರಾತ್ರಿ ಮೇಜುಗಳ ನಡುವೆ ಹಾಸಿಗೆ. ಸಾಬೂನು, ಕ್ಷೌರ, ಒಂದು ಸಿನಿಮಾ ಕಳೆದು ಮಿಕ್ಕ ಸಂಬಳ ಮನಿಯಾರ್ಡರಿನಲ್ಲಿ ಊರಿಗೆ. ಅದನ್ನು ಮಿತವ್ಯಯವೆಂದು ಹೊಗಳುತ್ತೇವೆ. ಆದರೆ ಅವನ ಹೆಂಡತಿ-ಮಕ್ಕಳನ್ನು ಸಾಕಿದ್ದು ಊರಿನ ಗದ್ದೆ, ಹಟ್ಟಿಯ ಹಸು, ಮನೆಯ ಹೆಂಗಸರ ದುಡಿಮೆ. ಆ ದುಡಿಮೆಗೆ ಯಾರೂ ಬೆಲೆ ಕಟ್ಟಲಿಲ್ಲ. ಲೆಕ್ಕದಲ್ಲಿ ಅದು ಕಾಣಲೂ ಇಲ್ಲ.

ಇಂದು ಸಂಸಾರ ಪಟ್ಟಣದಲ್ಲಿದೆ. ಹಾಲು, ಮನೆ, ಮಗುವಿನ ಶಾಲೆ, ಮುದುಕರ ಔಷಧ ಎಲ್ಲಕ್ಕೂ ಹಣ ಎಣಿಸಬೇಕು. 2023-24ರ ಕೇಂದ್ರ ಸರಕಾರದ ಸಮೀಕ್ಷೆಯಂತೆ, ಬಡವ-ಬಲ್ಲಿದರನ್ನು ಕೂಡಿಸಿ, ದೇಶದ ಪಟ್ಟಣಗಳಲ್ಲಿ ನೂರಕ್ಕೆ ಸುಮಾರು 40 ಮಾತ್ರ ಆಹಾರಕ್ಕೆ. ಅದರಲ್ಲೂ ಚಹಾ, ತಿಂಡಿ, ಸಿದ್ಧ ಆಹಾರ, ಹೊರಗಿನ ಊಟಕ್ಕೆ 11. ಆ ಹನ್ನೊಂದರಲ್ಲಿ ನಮ್ಮ ಹೋಟೆಲಿನವರ ಅನ್ನವೂ ಇದೆ. ಅದನ್ನು ಬೈಯುವುದು ನಮಗೆ ಶೋಭಿಸದು!

1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರ ಸಂಬಳ ನಿಂತಿತು. ಅಂಗಡಿಯ ಉದ್ರಿ ಮುಗಿಯಿತು, ಚಿನ್ನ ಅಡವಿಗೆ ಹೋಯಿತು. ಊರಲ್ಲಿ ಗದ್ದೆ ಇದ್ದವರು ಹೇಗೋ ಉಂಡರು. ಇಂದಿನ ಅನೇಕ ಮಕ್ಕಳಿಗೆ ಆ ಆಸರೆಯೂ ಇಲ್ಲ. ಹೀಗಿರುವಾಗ ಮುಂದಿನ ಸಂಬಳವನ್ನು ಇಂದೇ ಕಂತಿಗೆ ಬರೆದುಕೊಡುವುದೇ ನಿಜವಾದ ಅಪಾಯ. ಹಿಂದೆ ಸಾಹುಕಾರ ಸಂಬಳದ ದಿನ ಗಿರಣಿಯ ಬಾಗಿಲಲ್ಲಿ ಕಾದಿರುತ್ತಿದ್ದ. ಈಗ ಮೊಬೈಲಿನೊಳಗೇ ಕುಳಿತಿದ್ದಾನೆ.

ಆದುದರಿಂದ ನನ್ನ ಅರಿಕೆ ಮೂರು. ಗಂಡ-ಹೆಂಡತಿ ಕೂಡಿ ತಿಂಗಳ ಲೆಕ್ಕ ಬರೆಯಿರಿ. ಸಂಬಳವೆಷ್ಟೆಂದು ಹೆಂಡತಿಗೆ ತಿಳಿಯದ ಮನೆಯಲ್ಲಿ ಉಳಿತಾಯ ನಿಲ್ಲದು. ಕಂತಿಗೆ ಸಹಿ ಹಾಕುವ ಮೊದಲು ಒಟ್ಟು ಬಡ್ಡಿ ಎಷ್ಟೆಂದು ಕೇಳಿರಿ. ಸರಕಾರದವರು ಮನೆಖರ್ಚು ವಿಚಾರಿಸಲು ಬಂದರೆ ಸರಿಯಾದ ಲೆಕ್ಕ ಕೊಡಿರಿ. ಕಾರ್ಮಿಕ ಸಂಸಾರಗಳ ಖರ್ಚಿನ ಮೇಲೆಯೇ ಬೆಲೆಯ ಸೂಚ್ಯಂಕ ಕಟ್ಟುತ್ತಾರೆ. ತುಟ್ಟಿಭತ್ಯೆಗೆ ಅದೇ ಆಧಾರ.

ಉಳಿಸಬೇಕಾದರೆ ಮೊದಲು ಮಿಕ್ಕಬೇಕು; ಮಿಕ್ಕಬೇಕಾದರೆ ನ್ಯಾಯವಾದ ಸಂಬಳ ಬೇಕು. ಮಗನನ್ನು ಗದರಿಸುವ ಮುನ್ನ ಅವನ ಲೆಕ್ಕ ನೋಡೋಣ. ಆ ಲೆಕ್ಕವನ್ನು ಹಿಡಿದು ಎಲ್ಲರೂ ಕೂಡಿ ಕೇಳೋಣ.